ಕಪ್ಪು ಚೌಕಟ್ಟಿನ ವಾರದಲ್ಲಿ ನನ್ನ ಒಪ್ಪಿಗೆ ಶಾಸ್ತ್ರ

ನಗು ಬಂದರೆ ತಡೆದುಕೊಳ್ಳುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ಸಿಟ್ಟಿನ ವಿಷಯದಲ್ಲೂ ಅಷ್ಟೇ. ಹಾಗಾಗಿ ಇಡೀ ದೇಶ ಬಾವುಟವನ್ನು ಅರ್ಧಕ್ಕೆ ಇಳಿಸಿ ದುಃಖದಲ್ಲಿ ಕೂತಿದ್ದ ಆ ವಾರ, ಅರಸೀಕೆರೆಯ ಬೀದಿಯಲ್ಲಿ ಹಲ್ಲು ಬಿಟ್ಟುಕೊಂಡು ಓಡಾಡುತ್ತಿದ್ದ ಒಬ್ಬಳೇ ಹೆಂಗಸು ಅಂದರೆ ನಾನು. ಏನು ಮಾಡಲಿ? ನಲವತ್ತಾರನೇ ವಯಸ್ಸಿನಲ್ಲಿ ನನಗೆ ಮದುವೆ ಗೊತ್ತಾಗಿತ್ತು.

ನನ್ನ ಕಸುಬು ಪತ್ರಿಕೆ. ಪತ್ರಿಕೆ ಅಂದ ಕೂಡಲೇ ದೊಡ್ಡದಾಗಿ ಏನೇನೋ ಊಹಿಸಿಕೊಳ್ಳಬೇಡಿ. ತೆಂಗು, ಕೊಬ್ಬರಿ ವ್ಯಾಪಾರದವರಿಗಾಗಿ ಅಪ್ಪ ಶುರು ಮಾಡಿದ ಮಾಸಪತ್ರಿಕೆ ಅದು. ಉಂಡೆ ಕೊಬ್ಬರಿಯ ಧಾರಣೆ, ಮರಕ್ಕೆ ಬರುವ ಹುಳ, ನುಸಿ, ರೋಗ, ಯಾರ ಗೋದಾಮು ಎಲ್ಲಿಗೆ ಹೋಯಿತು, ಇಷ್ಟೇ ಅದರ ಪ್ರಪಂಚ. ಅಪ್ಪ ಹೋದ ಮೇಲೆ ಪ್ರಕಾಶಕಿ, ಸಂಪಾದಕಿ, ವಿಳಾಸದ ಚೀಟಿ ಅಂಟಿಸುವವಳು ಎಲ್ಲ ನಾನೇ. ಜನ ಮೊದಲು ಓದುವುದು ಮಾತ್ರ ಕೊನೆಯ ಪುಟವನ್ನು. ಅಲ್ಲಿ ‘ಮನೆ ಸುದ್ದಿ’ ಅನ್ನುವ ಅಂಕಣ ಇದೆ. ವ್ಯಾಪಾರಸ್ಥರ ಮನೆಯ ಮದುವೆ, ನಾಮಕರಣ, ಗೃಹಪ್ರವೇಶ ಅಲ್ಲಿ ಫೋಟೋ ಸಮೇತ ಬರುತ್ತದೆ. ಫೋಟೋದ ಕೆಳಗೆ ‘ಶುಭ ಕೋರುವವರು’ ಅಂತ ಒಂದು ಪಟ್ಟಿ, ಅದರ ತುಂಬ ಮಂಡಿ ಮಾಲೀಕರ ಹೆಸರು. ಆ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೂ ಸಾಕು, ಬೆಳಗಾಗುವುದರೊಳಗೆ ಆಫೀಸಿನ ಮುಂದೆ ಆಸಾಮಿ ಹಾಜರು.

‘ಏನವ್ವಾ, ಊರೋರದ್ದೆಲ್ಲ ಹಾಕ್ತೀಯ, ನಿಂದು ಯಾವಾಗ?’ ಅಂತ ಕೊಬ್ಬರಿ ವರ್ತಕರ ಸಂಘದ ಅಧ್ಯಕ್ಷರು ವರ್ಷ ವರ್ಷ ಕೇಳುತ್ತಿದ್ದರು. ಅವರು ಅಪ್ಪನ ಗೆಳೆಯರು, ನಾನು ದೊಡ್ಡಪ್ಪ ಅಂತಲೇ ಕರೆಯುವುದು. ‘ನಂದು ಹಾಕೋಕೆ ಒಂದು ಪುಟ ಸಾಲಲ್ಲ ಬಿಡಿ ದೊಡ್ಡಪ್ಪ’ ಅಂತ ನಾನೂ ತಿರುಗಿಸಿ ಕೊಡುತ್ತಿದ್ದೆ.

ನಿಜ ಹೇಳಬೇಕೆಂದರೆ ಒಂದು ಸಲ ಆಗುವುದರಲ್ಲಿತ್ತು. ಆಗ ನನಗೆ ಇಪ್ಪತ್ನಾಲ್ಕು. ಹುಡುಗನೂ ಒಪ್ಪಿದ್ದ, ನಾನೂ ಒಪ್ಪಿದ್ದೆ, ಸೀರೆಯೂ ಬಂದಿತ್ತು. ಒಪ್ಪಿಗೆ ಶಾಸ್ತ್ರಕ್ಕೆ ಎರಡು ದಿನ ಇದೆ ಅನ್ನುವಾಗ ಅವರ ಕಡೆ ಅಜ್ಜ ತೀರಿಕೊಂಡರು. ‘ಮುಂದಕ್ಕೆ ಹಾಕೋಣ’ ಅಂದರು. ಅಷ್ಟರಲ್ಲಿ ಆಷಾಢ ಬಂತು. ‘ಶ್ರಾವಣದಲ್ಲಿ ನೋಡೋಣ’ ಅಂದರು. ಶ್ರಾವಣದಲ್ಲಿ ನೋಡಿದರು ನಿಜ, ಆದರೆ ಬೇರೆ ಹುಡುಗಿಯನ್ನು. ಆವತ್ತಿನಿಂದ ‘ಮುಂದಕ್ಕೆ ಹಾಕೋಣ’ ಅನ್ನುವ ಮಾತು ನನ್ನ ಕಿವಿಗೆ ‘ಬೇಡ’ ಅಂತಲೇ ಕೇಳಿಸುತ್ತದೆ.

ಇನ್ನು ಇವರ ಕಥೆ. ಹಳೇಬೀಡಿನ ಪಕ್ಕದ ಮಾದಿಹಳ್ಳಿಯಲ್ಲಿ ತೋಟ ಮಾಡಿಕೊಂಡಿರುವ ಮನುಷ್ಯ. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರಿಗೂ ಮದುವೆ ಆಗಿರಲಿಲ್ಲ. ಪ್ರತಿ ತಿಂಗಳು ಪತ್ರಿಕೆ ಕೈಗೆ ಸಿಕ್ಕ ದಿನವೇ ಫೋನು ಮಾಡಿ, ‘ಮೇಡಂ, ಈ ತಿಂಗಳು ಮೂರು ತಪ್ಪು’ ಅಂತ ಶುರು ಮಾಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಮೂಟೆ ಹೊತ್ತು ಆಫೀಸಿಗೇ ಬಂದು, ನುಸಿ ತಿಂದ ಕಾಯಿಗಳನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದರು. ‘ನೋಡಿ, ನಿಮ್ಮ ಬೇವಿನೆಣ್ಣೆ ಲೇಖನದ ಫಲ.’ ‘ಎಷ್ಟು ಸಲ ಹೊಡೆದ್ರಿ?’ ಅಂತ ಕೇಳಿದೆ. ‘ಒಂದ್ಸಲ.’ ‘ಮೂರು ಸಲ ಅಂತ ಬರೆದಿರೋದು ಕಣ್ರೀ! ಓದೋಕೆ ಬರಲ್ವಾ?’ ಅಂತ ಕೂಗಿದೆ. ಅವರು ಪತ್ರಿಕೆ ತೆಗೆದು ಓದಿದರು, ತಲೆ ಕೆರೆದುಕೊಂಡರು, ಕಾಯಿಗಳನ್ನೆಲ್ಲ ತಾವೇ ಮತ್ತೆ ಮೂಟೆಗೆ ತುಂಬಿದರು. ನಾನು ಮಜ್ಜಿಗೆ ತರಿಸಿಕೊಟ್ಟೆ. ಹಾಳಾದ ಮಜ್ಜಿಗೆ, ಎಲ್ಲ ಅಲ್ಲಿಂದಲೇ ಶುರುವಾಗಿದ್ದು.

ಜಾವಗಲ್ಲಿನಲ್ಲಿ ಬೆಳೆಗಾರರ ಸಭೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಅವರು ಮದುವೆ ಮಾತು ಎತ್ತಿದರು. ‘ಮೇಡಂ, ತಿಂಗಳಿಗೊಂದ್ಸಲ ಫೋನಲ್ಲಿ ಜಗಳ ಆಡೋ ಬದಲು ಒಂದೇ ಮನೇಲಿದ್ದು ದಿನಾ ಆಡಬಹುದಲ್ವಾ?’ ಅಂದರು. ನಾನು ‘ಥೂ’ ಅಂದೆ. ಬಸ್ಸು ಬಂತು, ಹತ್ತಿದೆ. ಅರಸೀಕೆರೆ ಮುಟ್ಟುವವರೆಗೆ ಕಿಟಕಿ ಕಡೆ ಮುಖ ಮಾಡಿಕೊಂಡು ನಕ್ಕೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ‘ಏನವ್ವ, ಮೈಗೆ ಹುಷಾರಿಲ್ವಾ?’ ಅಂತ ಕೇಳಿಬಿಟ್ಟಳು. ಮನೆ ಸೇರಿದ ಮೇಲೆ ಫೋನು ಮಾಡಿ, ‘ಆಡೋಣ’ ಅಂದೆ.

ಇವರನ್ನು ಸಾಕಿದವಳು ಅಕ್ಕ. ತಾಯಿ ತಂದೆ ಎಲ್ಲ ಅವಳೇ. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದು, ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕುತ್ತಾಳೆ. ಅವಳು ಒಪ್ಪಿದರೆ ಎಲ್ಲವೂ ಸರಿ, ಇಲ್ಲದಿದ್ದರೆ ಯಾವುದೂ ಇಲ್ಲ. ಒಪ್ಪಿದಳು. ಆಷಾಢಕ್ಕೆ ಮುಂಚಿನ ಶುಕ್ರವಾರ ಒಪ್ಪಿಗೆ ಶಾಸ್ತ್ರ ಅಂತ ಗೊತ್ತು ಮಾಡಿದಳು. ನಾನು ಆ ತಿಂಗಳ ‘ಮನೆ ಸುದ್ದಿ’ಗೆ ನನ್ನದೇ ಸುದ್ದಿ ಬರೆದೆ. ಇಬ್ಬರ ಫೋಟೋ ಕೊಟ್ಟೆ. ದೊಡ್ಡಪ್ಪ ಸಂತೋಷ ತಡೆಯಲಾರದೆ ಸಂಘದವರ ಹೆಸರೆಲ್ಲ ಸೇರಿಸಿ, ‘ಹಾರ್ದಿಕ ಶುಭಾಶಯಗಳು, ನೂರ್ಕಾಲ ಸುಖವಾಗಿ ಬಾಳಿ, ಶುಭ ಕೋರುವವರು’ ಅಂತ ದೊಡ್ಡ ಪಟ್ಟಿ ಮಾಡಿಸಿದರು.

ಅದೇ ವಾರದ ಸೋಮವಾರ ದೇಶದ ಹಿರಿಯ ನಾಯಕರೊಬ್ಬರು ತೀರಿಕೊಂಡರು. ರೇಡಿಯೋ, ಟಿವಿ, ಫೋನು, ಎಲ್ಲೆಲ್ಲೂ ಅದೇ ಸುದ್ದಿ. ಒಂದು ವಾರ ಶೋಕಾಚರಣೆ ಅಂದರು. ತಾಲ್ಲೂಕು ಆಫೀಸಿನ ಬಾವುಟ ಕೆಳಗೆ ಬಂತು. ನನಗೂ ಬೇಜಾರಾಯಿತು, ಸುಳ್ಳು ಹೇಳಬಾರದು, ಒಳ್ಳೆಯ ಮನುಷ್ಯ. ಆದರೆ ಬೇಜಾರಿನ ಕೆಳಗಿನಿಂದ ಸಂತೋಷ ಹಾಲು ಉಕ್ಕಿದ ಹಾಗೆ ಮೇಲೆ ಬರುತ್ತಿತ್ತು. ಎಷ್ಟು ಊದಿದರೂ ತಗ್ಗಲಿಲ್ಲ.

ಮಾದಿಹಳ್ಳಿಯಲ್ಲಿ ಮಾತ್ರ ಕೆಲಸ ಕೆಟ್ಟಿತ್ತು. ಬಹಳ ವರ್ಷಗಳ ಹಿಂದೆ ಆ ನಾಯಕರು ಹಳೇಬೀಡಿನ ದೇವಸ್ಥಾನ ನೋಡಿಕೊಂಡು ಬೇಲೂರಿಗೆ ಹೋಗುವಾಗ ದಾರಿಯಲ್ಲಿ ಕಾರು ನಿಲ್ಲಿಸಿದ್ದರಂತೆ. ಅಕ್ಕ ಮನೆಯ ಹಿತ್ತಲ ಮರದ ಎಳನೀರು ಕೆತ್ತಿ ಕೊಟ್ಟಳಂತೆ. ಅವರು ಕುಡಿದು, ‘ಇನ್ನೊಂದು ಸಿಗುತ್ತಾ ತಾಯಿ?’ ಅಂತ ಸನ್ನೆಯಲ್ಲಿ ಕೇಳಿದರಂತೆ. ಅಷ್ಟೇ. ಆವತ್ತಿನಿಂದ ಅವರು ಅಕ್ಕನಿಗೆ ಒಡಹುಟ್ಟಿದವರಿಗಿಂತ ಹೆಚ್ಚು. ಆ ಮರದ ಕಾಯಿ ಮಾರುವಂತಿಲ್ಲ, ದೇವರಿಗೆ ಮಾತ್ರ. ಈಗ ಅವರು ತೀರಿಕೊಂಡರು ಅಂತ ಅಕ್ಕ ತಲೆಗೆ ನೀರು ಹಾಕಿಕೊಂಡು ಸೂತಕ ಹಿಡಿದು ಕೂತಳು.

‘ಅಕ್ಕ, ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಮಠದ ಸ್ವಾಮಿಗಳೇ ಹೇಳಲ್ವಾ?’ ಅಂತ ಇವರು ಕೇಳಿದ್ದಕ್ಕೆ, ‘ಅವ್ರಿಗೆ ಎಳನೀರು ಕೆತ್ತಿ ಕೊಟ್ಟಿದ್ದು ಸ್ವಾಮಿಗಳೇನ್ಲಾ? ನಾನು ಕಣೋ! ಮನೇಲಿ ಸಾವಾಗೈತೆ. ಶುಭದ ಮಾತು ಎತ್ತಬೇಡ. ಮುಂದಕ್ಕೆ ಹಾಕು, ಶ್ರಾವಣದಲ್ಲಿ ನೋಡನ’ ಅಂದಳಂತೆ.

ಇವರು ಅದನ್ನು ಫೋನಿನಲ್ಲಿ ಹೇಳಿದಾಗ ನಾನು ‘ಸರಿ’ ಅಂದೆ. ಫೋನು ಇಟ್ಟು ನೆಲದ ಮೇಲೆ ಕೂತೆ. ಅದೇ ಮಾತು, ಅದೇ ಆಷಾಢ, ಅದೇ ಶ್ರಾವಣ. ಅಕ್ಕ ಒಮ್ಮೆ ಬೇಡ ಅಂದುಕೊಂಡರೆ ಇವರು ಅವಳ ಮಾತು ಮೀರುವವರಲ್ಲ, ಮೀರುವ ಮನುಷ್ಯನಾಗಿದ್ದರೆ ನನಗೆ ಬೇಕಾಗಿಯೂ ಇರಲಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಅನ್ನುವ ಭಯ.

ಪತ್ರಿಕೆಯಲ್ಲಿ ಅಪ್ಪನ ಕಾಲದ ಒಂದು ಕಟ್ಟಳೆ ಇದೆ. ದೇಶ ದುಃಖದಲ್ಲಿರುವ ತಿಂಗಳು ‘ಮನೆ ಸುದ್ದಿ’ ಹಾಕುವಂತಿಲ್ಲ. ಹಾಗಾಗಿ ಪ್ರೆಸ್ಸಿಗೆ ಫೋನು ಮಾಡಿ ಕೊನೆಯ ಪುಟ ತೆಗೆಯಿರಿ ಅಂದೆ. ಮುಖಪುಟಕ್ಕೆ ಕಪ್ಪು ಚೌಕಟ್ಟು, ನಾಯಕರ ಫೋಟೋ, ಕೆಳಗೆ ‘ಅಗಲಿದ ಚೇತನಕ್ಕೆ ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಇನ್ನೊಂದು ಪಟ್ಟಿ. ಅದರಲ್ಲೂ ಅದೇ ಮಂಡಿ ಮಾಲೀಕರ ಹೆಸರು. ಅವರಿಗೆ ಶುಭವಾದರೇನು, ಶೋಕವಾದರೇನು, ಹೆಸರು ಬಿಟ್ಟುಹೋಗಬಾರದು.

ಬುಧವಾರ ಮಾರುಕಟ್ಟೆ ಯಾರ್ಡಿನಲ್ಲಿ ಸಂತಾಪ ಸಭೆ. ನಾನು ಎರಡು ಮಾತಾಡಬೇಕಿತ್ತು. ‘ಇಂದು ನಾವೆಲ್ಲರೂ...’ ಅನ್ನುವಷ್ಟರಲ್ಲಿ ಮುಂದಿನ ಸಾಲಿನ ಸಾಹುಕಾರರೊಬ್ಬರು ನನಗೆ ಮಾತ್ರ ಕಾಣುವ ಹಾಗೆ ಕತ್ತಿನ ಹತ್ತಿರ ಕೈ ತಂದು ತಾಳಿ ಕಟ್ಟುವ ಸನ್ನೆ ಮಾಡಿದರು. ಆ ವಯಸ್ಸಿನಲ್ಲಿ ಆ ಮನುಷ್ಯನಿಗೆ ಅದು ಬೇಕಿತ್ತೇ! ಒಳಗೆ ಅಷ್ಟು ಸಂಕಟ ಇದ್ದರೂ ನನಗೆ ನಗು ಉಕ್ಕಿತು. ಸೆರಗು ಬಾಯಿಗೆ ಒತ್ತಿಕೊಂಡೆ. ಹೆಗಲು ಕುಣಿಯತೊಡಗಿತು. ‘ಪಾಪ, ಎಷ್ಟು ಹಚ್ಚಿಕೊಂಡಿದ್ದಾಳೆ’ ಅಂತ ಹಿಂದಿನಿಂದ ಯಾರೋ ಅಂದರು. ಅದು ಕಿವಿಗೆ ಬಿದ್ದು ಇನ್ನೂ ಜೋರಾಯಿತು. ದೊಡ್ಡಪ್ಪ ಬಂದು ನನ್ನ ಬೆನ್ನು ಸವರಿ ಕುರ್ಚಿಯಲ್ಲಿ ಕೂರಿಸಿದರು. ನನ್ನದೇ ಅತ್ಯಂತ ಮನಮಿಡಿಯುವ ಭಾಷಣ ಅಂತ ಆಮೇಲೆ ಎಲ್ಲರೂ ಹೇಳಿದರು.

ಗುರುವಾರ ಬೆಳಿಗ್ಗೆ ಪ್ರೆಸ್ಸಿನಿಂದ ಬಂಡಲು ಬಂತು. ಹಳೇಬೀಡಿನ ಕಡೆಯ ಪ್ರತಿಗಳು ಆಗಲೇ ಮೊದಲ ಬಸ್ಸಿನಲ್ಲಿ ಹೊರಟುಹೋಗಿದ್ದವು. ಒಂದು ಪ್ರತಿ ಎತ್ತಿಕೊಂಡು ಮುಖಪುಟ ನೋಡಿದೆ. ಕಪ್ಪು ಚೌಕಟ್ಟು, ನಾಯಕರ ಗಂಭೀರ ಮುಖ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಹಾರ್ದಿಕ ಶುಭಾಶಯಗಳು, ನೂರ್ಕಾಲ ಸುಖವಾಗಿ ಬಾಳಿ.’

ಕೊನೆಯ ಪುಟ ತಿರುಗಿಸಿದೆ. ತೆಗೆಯಿರಿ ಅಂದಿದ್ದ ‘ಮನೆ ಸುದ್ದಿ’ ರಾಜಾರೋಷವಾಗಿ ಅಲ್ಲೇ ಕೂತಿತ್ತು. ನಾನು, ಇವರು, ಇಬ್ಬರೂ ಬಾಯಿ ತುಂಬ ನಗುತ್ತಿದ್ದೆವು. ಕೆಳಗೆ ‘ಅಗಲಿದ ಚೇತನಕ್ಕೆ ಭಾವಪೂರ್ಣ ಶ್ರದ್ಧಾಂಜಲಿ.’ ಅದರ ಕೆಳಗೆ ಅರಸೀಕೆರೆಯ ಸಮಸ್ತ ಕೊಬ್ಬರಿ ವರ್ತಕರು.

ಪ್ರೆಸ್ಸಿನವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ‘ನನ್ನ ಬೈಬೇಡಿ ಮೇಡಂ. ನಿನ್ನೆ ಸಂಘದೋರೆಲ್ಲ ಬಂದು ಕೂತ್ಬಿಟ್ರು. ಕಟ್ಟಳೆ ಗಿಟ್ಟಳೆ ನಮಗೆ ಗೊತ್ತಿಲ್ಲ, ನಮ್ಮ ಹುಡುಗಿ ಸುದ್ದಿ ಬರಲೇಬೇಕು, ಅವಳಿಗೆ ಹೇಳ್ಬೇಡ ಅಂದ್ರು. ತೆಗೆದಿದ್ದ ಪುಟ ಮತ್ತೆ ಕಟ್ಟೋ ಗಡಿಬಿಡೀಲಿ ಪಟ್ಟಿ ಎರಡೂ ಅದಲು ಬದಲಾಗಿದೆ. ಎರಡರಲ್ಲೂ ಅದದೇ ಹೆಸರಿದ್ರೆ ನಾನೇನು ಮಾಡ್ಲಿ?’ ಅಂದ. ಸಂಘದವರಿಗೆ ಶಾಸ್ತ್ರ ಮುಂದಕ್ಕೆ ಹೋಗಿರುವುದೇ ಗೊತ್ತಿರಲಿಲ್ಲ, ನಾನು ಹೇಳಿದ್ದರೆ ತಾನೇ.

ಅಷ್ಟರಲ್ಲಿ ದೊಡ್ಡಪ್ಪ ಪೆಚ್ಚುಮೋರೆ ಹಾಕಿಕೊಂಡು ಬಂದರು. ನಾನು ಎಲ್ಲವನ್ನೂ ಒದರಿದೆ: ಅಕ್ಕನ ಸೂತಕ, ಮುಂದೆ ಹೋದ ಶಾಸ್ತ್ರ, ಈಗ ಅವಳ ದೇವರಂಥ ಮನುಷ್ಯನ ಫೋಟೋ ಕೆಳಗೆ ಈ ಶುಭಾಶಯ. ಪತ್ರಿಕೆ ಅವಳ ಕಣ್ಣಿಗೆ ಬಿದ್ದರೆ ನನ್ನ ಮದುವೆ ಶ್ರಾವಣಕ್ಕೂ ಇಲ್ಲ, ಕಾರ್ತಿಕಕ್ಕೂ ಇಲ್ಲ. ‘ಹತ್ತವ್ವ ಗಾಡಿ’ ಅಂದರು ದೊಡ್ಡಪ್ಪ.

ಗಾಡಿ ಅಂದರೆ ಅವರ ಓಮ್ನಿ. ಅದರಲ್ಲಿ ಮನುಷ್ಯರಿಗಿಂತ ಕೊಬ್ಬರಿ ಮೂಟೆ ಓಡಾಡಿದ್ದೇ ಹೆಚ್ಚು. ಜಾವಗಲ್ಲಿನಲ್ಲಿ ಬಸ್ಸು ಟೀಗೆ ನಿಲ್ಲುತ್ತದೆ, ಅಲ್ಲಿ ಹಿಡಿಯಬಹುದು ಅನ್ನುವುದು ನಮ್ಮ ಲೆಕ್ಕ. ಹೋಗಿ ನೋಡಿದರೆ ಶೋಕಾಚರಣೆ ಅಂತ ಹೋಟೆಲು ಬಾಗಿಲು ಹಾಕಿತ್ತು, ಟೀ ಇಲ್ಲದ್ದರಿಂದ ಬಸ್ಸು ನಿಂತೇ ಇರಲಿಲ್ಲ. ‘ಇವತ್ತೊಂದಿನ ಟೀ ಕೊಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು!’ ಅಂತ ದೊಡ್ಡಪ್ಪ ಸ್ಟೇರಿಂಗ್ ಗುದ್ದಿದರು. ನನಗೆ ಅಳು ಬರಬೇಕಿತ್ತು, ನಗು ಬಂತು. ನಾನು ನಕ್ಕಿದ್ದು ನೋಡಿ ಅವರಿಗೂ ಬಂತು. ಎಪ್ಪತ್ತು ದಾಟಿದ ಯಜಮಾನರು, ಮದುವೆ ತಪ್ಪುತ್ತಿರುವ ಹೆಣ್ಣು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತ ಹಳೇಬೀಡು ತಲುಪಿದೆವು.

ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯಲ್ಲಿ ಬಂಡಲು ಇಳಿಸುವುದು ವಾಡಿಕೆ. ಹೂವಿನವಳು, ‘ಬಂಡಲು ಇಲ್ಲೇ ಐತೆ, ಇನ್ನೂ ಯಾರೂ ಕೇಳಿಲ್ಲ’ ಅಂದಳು. ಜೀವ ಬಂತು. ‘ಮಾದಿಹಳ್ಳಿ ತೋಟದೋರು ಮಾತ್ರ ಒಂದು ಎತ್ಕೊಂಡು ಹೋದ್ರು’ ಅಂತ ಸೇರಿಸಿದಳು. ಬಂದ ಜೀವ ಮತ್ತೆ ಹೋಯಿತು. ಆ ಕಡೆಯ ಊರುಗಳಲ್ಲಿ ಎಲ್ಲರಿಗಿಂತ ಮೊದಲು ಪತ್ರಿಕೆ ಓದುವ ಚಟ ಇರುವವರು ಒಬ್ಬರೇ. ಅಲ್ಲೇ ಫೋನು ಹೊಡೆದುಕೊಂಡಿತು.

‘ಮೇಡಂ’ ಅಂದರು ಇವರು, ‘ಈ ತಿಂಗಳು ಒಂದೇ ತಪ್ಪು.’

‘ಅಕ್ಕನ ಕೈಗೆ ಕೊಡಬೇಡ್ರೀ!’

‘ಕೊಡಲಿಲ್ಲ. ಕಿತ್ಕೊಂಡ್ಲು.’

ನಾವು ಹೋದಾಗ ಅಕ್ಕ ಜಗಲಿಯ ಮೇಲೆ ಕೂತು, ಪತ್ರಿಕೆ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಇವರು ಕಂಬಕ್ಕೆ ಒರಗಿ ನಿಂತಿದ್ದರು. ನಾನು ಚಪ್ಪಲಿ ಬಿಟ್ಟವಳೇ ‘ತಪ್ಪಾಯ್ತಕ್ಕ’ ಅಂದೆ. ಜೀವನದಲ್ಲಿ ಮೊದಲ ಸಲ ನಗು ಬರಲಿಲ್ಲ.

ಅಕ್ಕ ತಲೆ ಎತ್ತಿದಳು. ‘ನನ್ನ ತಮ್ಮುಂಗೆ ಶ್ರದ್ಧಾಂಜಲಿ ಹಾಕಿದ್ದೀಯಲ್ಲವ್ವ. ಅವನು ನೋಡಿದ್ರೆ ಕಂಬದಂಗೆ ನಿಂತವ್ನೆ.’

‘ಅದೂ ತಪ್ಪು ಅಕ್ಕ, ಮುಖಪುಟದ್ದೂ ತಪ್ಪು...’

ಅವಳು ಪತ್ರಿಕೆ ಮಗುಚಿದಳು. ನಾಯಕರ ಮುಖದ ಮೇಲೆ ಬೆರಳಿಟ್ಟಳು. ‘ಇದಾ? ನೂರ್ಕಾಲ ಬಾಳಿ ಅಂತ ಹಾಕಿದ್ದೀಯ. ಅದಿರ್ಲಿ ಬಿಡು. ನಂಗೂ ಅದೇ ಬೇಕಾಗಿತ್ತು’ ಅಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು ನೋಡಿ, ಬೇರೆಯೇ ಅಕ್ಕ. ‘ಬದುಕಿರೋರು ಸತ್ರು ಅಂತ ಸುದ್ದಿಯಾದ್ರೆ ಆಯಸ್ಸು ಗಟ್ಟಿ ಅಂತಾರೆ, ದಿಟ. ಆದ್ರೂ ಇಷ್ಟು ಜನ ಸಾಹುಕಾರ್ರು ಸೇರಿ ನಿಮ್ಮಿಬ್ರನ್ನೂ ಕಳಿಸಿಕೊಟ್ಟವ್ರೆ. ಹಿಂಗೇ ಬಿಡಕಾಯ್ತದಾ? ಹೊತ್ತು ಮುಳುಗೋದ್ರೊಳಗೆ ಈ ಅಪಶಕುನ ಮುರೀಬೇಕು. ಲೇ, ಮರ ಹತ್ಸೋ, ಕಾಯಿ ಕೀಳ್ಸು.’

‘ಯಾಕಕ್ಕ?’ ಅಂದರು ಇವರು.

‘ಯಾಕೆ ಅಂತಾನೆ! ಎಲೆ ಅಡಿಕೆ ಬದಲಾಯ್ಸಕೆ ಕಣೋ, ದಡ್ಡ.’

‘ಶ್ರಾವಣದಲ್ಲಿ ಅಂದಿದ್ದೆ?’

‘ಶ್ರಾವಣದವರೆಗೆ ಶ್ರದ್ಧಾಂಜಲಿ ಹೊತ್ಕೊಂಡು ತಿರುಗ್ತೀಯೇನ್ಲಾ?’

ದೊಡ್ಡಪ್ಪ ‘ನಾನು ಹೆಣ್ಣಿನ ಕಡೆಯವನು’ ಅಂತ ಎದೆ ಸೆಟೆಸಿ ಜಗಲಿಯ ಮೇಲೆ ಕೂತೇಬಿಟ್ಟರು. ಪಕ್ಕದ ಮನೆಯವರು ವೀಳ್ಯದೆಲೆ ತಂದುಕೊಟ್ಟರು. ಅಕ್ಕ ಇಬ್ಬರನ್ನೂ ಕೂರಿಸಿ ದೃಷ್ಟಿ ತೆಗೆದಳು, ಹಣೆಗೆ ವಿಭೂತಿ ಹಚ್ಚಿದಳು. ಸಿಹಿ ಮಾತ್ರ ಮಾಡಲಿಲ್ಲ. ‘ಅವ್ರು ಹೋಗಿ ಇನ್ನೂ ವಾರ ಆಗಿಲ್ಲ, ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಳಿ, ಸಾಕು’ ಅಂದಳು. ಕೊನೆಗೆ ನನ್ನ ಮಡಿಲಿಗೆ ಅಕ್ಕಿ ಸುರಿದು ಹಿತ್ತಲ ಮರದ ಕಾಯಿ ಇಟ್ಟಳು. ಇಷ್ಟು ವರ್ಷ ಕಾಯಿಯ ಬಗ್ಗೆಯೇ ಬರೆದವಳು ನಾನು, ಒಂದು ಕಾಯಿ ಮಡಿಲಿಗೆ ಬಿದ್ದದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತೆ.

ಒಳಗೆ ಅಡುಗೆಮನೆಯಲ್ಲಿ ನೀರು ಕೊಡುತ್ತ ಅಕ್ಕ ಮೆಲ್ಲಗೆ ಕೇಳಿದಳು. ‘ಯಾಕವ್ವ ಅಷ್ಟೊಂದು ಅತ್ತೆ?’ ಮೊದಲ ಸಲ ಮುಂದಕ್ಕೆ ಹಾಕಿದ ಕಥೆ ಹೇಳಿದೆ.

‘ಸೂತಕ ಅಂದಿದ್ದು ಅರ್ಧ ಅವ್ರಿಗೆ’ ಅಂದಳು. ‘ಇನ್ನರ್ಧ ನಂಗೆ. ಅವ್ರು ಹೋದ್ರು, ಇವನೂ ಅರಸೀಕೆರೆಗೆ ಹೋಗ್ಬುಡ್ತಾನೆ, ಸಂಜೆ ಹಾಲು ಕರೆದು ಬಂದು ನಾ ಯಾರಿಗೆ ಬಡಿಸ್ಲಿ ಅನ್ನಿಸ್ತು. ಒಂದೆರಡು ತಿಂಗಳು ತಳ್ಳನ ಅಂತ ಮಾಡ್ದೆ ಕಣವ್ವ.’

‘ಅಯ್ಯೋ ಅಕ್ಕ, ಅವರನ್ನ ಯಾರು ಕರ್ಕೊಂಡು ಹೋಗ್ತಾರೆ? ನಾನೇ ಇಲ್ಲಿಗೆ ಬತ್ತೀನಿ. ಪತ್ರಿಕೆಗೆ ಬಸ್ಸಿದೆಯಲ್ಲ’ ಅಂದೆ. ಅರಸೀಕೆರೆಯಲ್ಲಿ ಹುಟ್ಟಿ ಬೆಳೆದ ನನ್ನ ಬಾಯಲ್ಲಿ ಅವರ ಹಳ್ಳಿಯ ಹಾಗೆ ‘ಬತ್ತೀನಿ’ ಅಂತ ಬಂದದ್ದು ಕೇಳಿ ಅಕ್ಕ ನಕ್ಕಳು. ಆ ವಾರ ಆ ಮನೆಯಲ್ಲಿ ಅದೇ ಮೊದಲ ನಗು ಅಂತ ಇವರು ಆಮೇಲೆ ಹೇಳಿದರು.

ಹೊರಡುವಾಗ ನಾನು, ‘ಮುಂದಿನ ತಿಂಗಳು ಮುಖಪುಟದಲ್ಲೇ ತಪ್ಪೊಪ್ಪಿಗೆ ಹಾಕ್ತೀನಿ ಅಕ್ಕ, ಎರಡಕ್ಕೂ’ ಅಂದೆ.

‘ಅವ್ರುದು ಮುಟ್ಟಬೇಡ’ ಅಂದಳು. ‘ಬಾಳ್ಲಿ. ನಿಮ್ಮಿಬ್ರುದು ಮಾತ್ರ ಸರಿ ಮಾಡು.’

ಹಾಗೇ ಮಾಡಿದೆ. ಮುಂದಿನ ತಿಂಗಳ ‘ಮನೆ ಸುದ್ದಿ’ಯಲ್ಲಿ ಅದೇ ಫೋಟೋ, ಕೆಳಗೆ ಒಂದೇ ಸಾಲು: ‘ಇಬ್ಬರೂ ಬದುಕಿದ್ದಾರೆ, ಮಾದಿಹಳ್ಳಿಯಲ್ಲಿ ಅಕ್ಕನ ಜೊತೆ ಇರುತ್ತಾರೆ.’